ಎರಡನೇ ರ‍್ಯಾಂಕಿನ ಹಾಡು

ನಮ್ಮ ಜನಕ್ಕೆ ಕೊನೆಯವನಾಗಿ ಬಂದವನನ್ನು ಕಂಡರೆ ಆಗುವ ಸಂಕಟಕ್ಕಿಂತ ಎರಡನೆಯವನಾಗಿ ಬಂದವನನ್ನು ಕಂಡರೆ ಆಗುವ ಸಂಕಟ ಹೆಚ್ಚು. ಕೊನೆಯವನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಪಾಪ, ಏನಾದರೂ ಮಾಡಿಕೊಳ್ಳುತ್ತಾನೆ ಬಿಡಿ’ ಎಂದು ಸುಮ್ಮನಾಗುತ್ತಾರೆ. ಅವನು ಮುಂದೆ ಒಂದು ಅಂಗಡಿ ಇಟ್ಟು ನಮಗಿಂತ ಚೆನ್ನಾಗಿಯೇ ಬದುಕುತ್ತಾನೆ. ಎರಡನೆಯವನನ್ನು ಮಾತ್ರ ಬಿಡುವುದಿಲ್ಲ. ‘ಇನ್ನೊಂದೇ ಒಂದು ಮಾರ್ಕು ಬಂದಿದ್ದರೆ’ ಎಂದು ಅವನ ಮದುವೆಯ ಊಟದ ಪಂಕ್ತಿಯಲ್ಲೂ ಜ್ಞಾಪಿಸುವವರಿದ್ದಾರೆ. ನಾನು ಶಾಲೆಯಲ್ಲಿ ಹನ್ನೊಂದರಿಂದ ಹದಿನೈದನೆಯ ಸ್ಥಾನದ ನಡುವೆ ನೆಮ್ಮದಿಯಾಗಿ ಓಡಾಡಿಕೊಂಡಿದ್ದವಳು, ಹಾಗಾಗಿ ಈ ಕಾಯಿಲೆ ನನಗಿಲ್ಲವೆಂದೇ ತಿಳಿದಿದ್ದೆ. ಆದರೆ ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನಲ್ಲಿ, ನಾನೂ ನನ್ನ ಅತ್ತೆಯೂ ಸೇರಿ ಒಂದು ಇಡೀ ದೇಶದ ಹಾಡುಗಳ ಪಟ್ಟಿಯನ್ನೇ ತಿದ್ದಲು ಹೊರಟೆವು. ಅದು ಕೆಟ್ಟದ್ದು ನನ್ನಿಂದ. ಈ ವಿಷಯವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆಗ ನಾನು ರೋಟರ್‌ಡ್ಯಾಮಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಎರಡು ಸಾವಿರದ ಇಸವಿ ಹುಟ್ಟಿದ ಗಳಿಗೆಗೆ ಕಂಪ್ಯೂಟರುಗಳೆಲ್ಲ ತಲೆ ತಿರುಗಿ ಬೀಳುತ್ತವೆ ಎಂದು ಲೋಕವೇ ನಂಬಿದ್ದ ಕಾಲ ಅದು. ಹಿಂದಿನವರು ಜಾಗ ಉಳಿಸುವ ಆಸೆಗೆ ಇಸವಿಯ ನಾಲ್ಕು ಅಂಕಿಗಳಲ್ಲಿ ಎರಡನ್ನು ಬಿಟ್ಟು ಬರೆದಿದ್ದರು. ಆ ಜಿಪುಣತನ ಮಾಡಿಟ್ಟಿದ್ದ ಅನಾಹುತವನ್ನು ಹುಡುಕಿ ಸರಿಪಡಿಸಲು ನಮ್ಮನ್ನು ಬೆಂಗಳೂರಿನಿಂದ ಕರೆಸಿದ್ದರು. ನಮ್ಮವರು, ಅಂದರೆ ಶ್ರೀಧರ್, ಡೆಲ್ಫ್ಟಿನ ವಿಶ್ವವಿದ್ಯಾಲಯದಲ್ಲಿ ಮರಳು ನೀರಿನೊಳಗೆ ಹೇಗೆ ಸರಿಯುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರು. ಅವರ ಮಾತೂ ಅದೇ ವೇಗದಲ್ಲಿ ಸರಿಯುತ್ತಿತ್ತು. ಮನೆ ಕಾಲುವೆಯ ಪಕ್ಕದ ಮೂರನೇ ಮಹಡಿ. ಮೆಟ್ಟಿಲು ಎನ್ನುವುದು ಮರ್ಯಾದೆಗೆ, ನಿಜವಾಗಿ ಅದೊಂದು ಏಣಿ. ಆ ಏಣಿಯನ್ನು ಮೇ ತಿಂಗಳಲ್ಲಿ, ಮೂರು ತಿಂಗಳ ವೀಸಾ ಮತ್ತು ನಾಲ್ಕು ಕಿಲೋ ಹುರಿಗಡಲೆ ಚಟ್ನಿಪುಡಿಯೊಂದಿಗೆ ನಮ್ಮ ಅತ್ತೆ ಹತ್ತಿಬಂದರು.

ಅತ್ತೆ ತಿಪಟೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಆಮೇಲೆ ಅಲ್ಲೇ ಹೆಡ್‌ಮಿಸ್ ಆಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಸಂಬಳ ಮಾತ್ರ. ವಿಮಾನ ನಿಲ್ದಾಣದಲ್ಲಿ ಮಗನನ್ನು ಅಪ್ಪಿಕೊಳ್ಳುವ ಮೊದಲು ಅವರು ನೋಡಿದ್ದು ಅವನ ಉಗುರನ್ನು. ಬಂದ ಮೊದಲ ಗುರುವಾರವೇ ಅವರನ್ನು ಚೌಕದಲ್ಲಿ ನಡೆಯುವ ಸಂತೆಗೆ ಕರೆದೊಯ್ದೆ. ಹುರುಳಿಕಾಯಿ ಮಾರುತ್ತಿದ್ದ ಆರಡಿ ಎತ್ತರದ ಡಚ್ಚಿನವನ ಮುಂದೆ ನಿಂತು ಅತ್ತೆ ಅವನು ಹೇಳಿದ ಬೆಲೆಯ ಅರ್ಧ ಹೇಳಿದರು. ಅವನು ನಕ್ಕ. ಅತ್ತೆ ‘ಹಾಗಾದ್ರೆ ಬೇಡ’ ಎಂದು ತಿರುಗಿ ನಡೆದರು. ಹಿಂದಿನಿಂದ ಕರೆಯುತ್ತಾನೆ ಎನ್ನುವುದು ಅವರ ಅರವತ್ತೈದು ವರ್ಷದ ಅನುಭವ. ಹತ್ತು ಹೆಜ್ಜೆ ಹೋದರು, ಅವನು ಕರೆಯಲಿಲ್ಲ. ಇಪ್ಪತ್ತು ಹೆಜ್ಜೆ ಹೋದರು. ಕೊನೆಗೆ ಇಗರ್ಜಿಯ ಬಾಗಿಲವರೆಗೂ ಹೋಗಿ, ಅದರೊಳಗೆ ಹೋಗಲಾರದೆ, ತಿರುಗಿ ಬಂದರು. ಅಷ್ಟರಲ್ಲಿ ಹುರುಳಿಕಾಯಿ ಮುಗಿದಿತ್ತು.

ಆ ದಿನ ಸಂಜೆ ನಾನು ಅತ್ತೆಗೆ ಒಂದು ಸಣ್ಣ ಭಾಷಣ ಮಾಡಿದೆ. ಮಾಡಬಾರದಿತ್ತು, ಆದರೆ ಪರದೇಶಕ್ಕೆ ಬಂದು ಎರಡು ವರ್ಷವಾದವರಿಗೆ ಎರಡು ದಿನದ ಹಿಂದೆ ಬಂದವರನ್ನು ಕಂಡರೆ ಭಾಷಣ ತಾನಾಗಿ ಬರುತ್ತದೆ. ‘ಅತ್ತೆ, ಇಲ್ಲಿ ಚೌಕಾಸಿ ಅನ್ನೋದೇ ಇಲ್ಲ. ಹೇಳಿದ ಬೆಲೆ ಕೊಡಬೇಕು. ಇಲ್ಲದಿದ್ರೆ ನಮ್ಮ ದೇಶದ ಮರ್ಯಾದೆ ಹೋಗುತ್ತೆ’ ಎಂದೆ. ಅತ್ತೆ ‘ರೂಲ್ಸ್ ಅಂದ್ಮೇಲೆ ರೂಲ್ಸು ಕಣಮ್ಮ. ನೀನು ಮೊದಲೇ ಹೇಳ್ಬೇಕಿತ್ತು’ ಎಂದರು. ಆಮೇಲೆ ಒಂದು ಸಲವೂ ಚೌಕಾಸಿ ಮಾಡಲಿಲ್ಲ. ಶಾಲೆಯ ನಿಯಮವನ್ನು ತಾವೇ ಮುರಿದರೆ ಮಕ್ಕಳು ಏನು ಕಲಿತಾರು ಎನ್ನುವ ಗತ್ತಿನಲ್ಲಿ, ಹೇಳಿದ ಬೆಲೆಗೆ ಬೇಕಾದರೆ ಇನ್ನೊಂದು ನಾಣ್ಯ ಸೇರಿಸಿ ಕೊಡುವವರಂತೆ ಕೊಡುತ್ತಿದ್ದರು.

ಹಗಲೆಲ್ಲ ನಾವಿಬ್ಬರೂ ಕೆಲಸಕ್ಕೆ ಹೋದಮೇಲೆ ಅತ್ತೆಗೆ ಇದ್ದದ್ದು ಕಿಟಕಿ ಮತ್ತು ಟೀವಿ. ಕಿಟಕಿಯಲ್ಲಿ ಬಾತುಕೋಳಿ, ಟೀವಿಯಲ್ಲಿ ಡಚ್ಚು. ಬಾತುಕೋಳಿಗಳನ್ನು ಎಣಿಸಿ ಮುಗಿಸಿದಮೇಲೆ ಅವರು ಟೀವಿಯಲ್ಲಿ ದಿನವಿಡೀ ಹಾಡು ಹಾಕುವ ಒಂದು ಚಾನೆಲ್ ಪತ್ತೆಮಾಡಿದರು. ಆ ವರ್ಷ ಆ ದೇಶದಲ್ಲಿ ಹಾಡು ಎಂದರೆ ಮುಕ್ಕಾಲುಪಾಲು ರ‍್ಯಾಪು ಮತ್ತು ಅದರ ಬೀಗರು ನೆಂಟರು. ಹಾಡದೆ ಬರೀ ಮಾತಾಡುವವರು, ಮಾತಾಡಿ ಸುಸ್ತಾದಮೇಲೆ ಹಾಡುವವರು, ಹುಡುಗ ಮಾತಾಡುತ್ತ ಹುಡುಗಿ ಹಿಂದೆ ನಿಂತು ನಿಟ್ಟುಸಿರು ಬಿಡುವವರು, ಎಲ್ಲರೂ ದೊಗಲೆ ಪ್ಯಾಂಟು ಹಾಕಿಕೊಂಡು ಪಟ್ಟಿಯ ತುದಿಯಲ್ಲಿ ಕೂತಿದ್ದರು. ಮೈಸೂರಿನಲ್ಲಿ ಎಂಟು ವರ್ಷ ವೀಣೆ ಕಲಿತು ಸರಳೆವರಸೆಯಿಂದ ಮುಂದೆ ಹೋಗಲಾರದ ನನಗೆ ಅದನ್ನೆಲ್ಲ ಗಲಾಟೆ ಎಂದು ಬೈಯುವ ಸಂಪೂರ್ಣ ಅಧಿಕಾರವಿತ್ತು, ಬೈಯುತ್ತಲೂ ಇದ್ದೆ. ಅತ್ತೆ ಬೈಯಲಿಲ್ಲ. ಅವರಿಗೆ ಹಾಡಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಪರದೆಯ ಮೂಲೆಯಲ್ಲಿದ್ದ ಅಂಕಿ.

ಒಂದು ಸಂಜೆ ನಾನು ಬಾಗಿಲು ತೆಗೆಯುವುದಕ್ಕೂ ಅವರು ಕೇಳುವುದಕ್ಕೂ ಸರಿಹೋಯಿತು. ‘ಸುಮಾ, ಈ ಹಾಡುಗಳಿಗೆಲ್ಲ ರ‍್ಯಾಂಕ್ ಕೊಡ್ತಾರಾ?’

ಕೊಡುತ್ತಾರೆ, ಪ್ರತಿ ವಾರ, ಇಡೀ ದೇಶಕ್ಕೆ ಒಂದೇ ಪಟ್ಟಿ ಎಂದೆ. ಅತ್ತೆಯ ಮುಖ ನೋಡಬೇಕಿತ್ತು. ಪ್ರತಿ ವಾರ ರಿಸಲ್ಟ್ ಬರುವ ದೇಶವೊಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಾರನೆಯ ಶುಕ್ರವಾರ ಅವರನ್ನು ನಮ್ಮ ಬೀದಿಯ ಕೊನೆಯಲ್ಲಿದ್ದ ಸಂಗೀತದ ಅಂಗಡಿಗೆ ಕರೆದೊಯ್ದೆ. ಅಲ್ಲಿ ಆ ಪಟ್ಟಿಯ ಅಚ್ಚಾದ ಹಾಳೆಯನ್ನು ಪುಕ್ಕಟೆ ಇಟ್ಟಿರುತ್ತಿದ್ದರು. ಈ ವಾರದ ಸ್ಥಾನ, ಹೋದ ವಾರದ ಸ್ಥಾನ, ಎಷ್ಟು ವಾರದಿಂದ ಇದೆ, ಮೇಲಕ್ಕೆ ಹೋಗುತ್ತಿದ್ದರೆ ಒಂದು ಬಾಣ. ‘ಪ್ರೋಗ್ರೆಸ್ ಕಾರ್ಡ್’ ಎಂದು ಅತ್ತೆ ಹಾಳೆಯನ್ನು ಎದೆಗೊತ್ತಿಕೊಂಡರು.

ಅಂಗಡಿಯವನು ಕೂದಲನ್ನು ಹಿಂದಕ್ಕೆ ಕಟ್ಟಿ ಜುಟ್ಟು ಬಿಟ್ಟಿದ್ದ ಸಾಧು ಮನುಷ್ಯ. ಮಾರ್ಕು ಕೊಡುವುದು ಯಾರು ಎಂದು ಅತ್ತೆ ನನ್ನಿಂದ ಕೇಳಿಸಿದರು. ಅವನಿಗೆ ಬಹಳ ಖುಷಿಯಾಯಿತು, ಸೀರೆ ಉಟ್ಟವರು ಅವನನ್ನು ಈ ಪ್ರಶ್ನೆ ಕೇಳಿದ್ದು ಮೊದಲ ಸಲ ಇರಬೇಕು. ಸಿಂಗಲ್ ಎಂದರೆ ಒಂದೇ ಹಾಡಿನ ಸೀಡಿ, ಅದನ್ನು ಗಲ್ಲಾದ ಯಂತ್ರದ ಕೆಂಪು ದೀಪಕ್ಕೆ ಹಿಡಿದರೆ ‘ಕುಂಯ್’ ಎನ್ನುತ್ತದೆ, ಒಂದು ಕುಂಯ್ ಎಂದರೆ ಒಂದು ಲೆಕ್ಕ, ರಾತ್ರಿ ಎಲ್ಲ ಅಂಗಡಿಗಳ ಲೆಕ್ಕವೂ ಟೆಲಿಫೋನ್ ತಂತಿಯಲ್ಲಿ ಪಟ್ಟಿ ಮಾಡುವವರಿಗೆ ಹೋಗುತ್ತದೆ ಎಂದು ತೋರಿಸಿ ವಿವರಿಸಿದ. ಅತ್ತೆ ಗಂಭೀರವಾಗಿ ಕೇಳಿಸಿಕೊಂಡು, ‘ಸೆಂಟ್ರಲ್ ವ್ಯಾಲ್ಯುಯೇಷನ್. ಮೋಸಕ್ಕೆ ಜಾಗ ಇಲ್ಲ’ ಎಂದು ತೀರ್ಪು ಕೊಟ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಹುಟ್ಟಿತು. ಸ್ಕೇಲಿನಲ್ಲಿ ಗೆರೆ ಹೊಡೆದು, ಕೆಂಪು ಶಾಯಿ ನೀಲಿ ಶಾಯಿ ಎರಡರಲ್ಲೂ ಬರೆದ ನೋಟ್‌ಬುಕ್. ಅತ್ತೆಗೆ ಹಾಡುಗಾರರ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಹಾಗಾಗಿ ಚಹರೆಯಿಂದ ಹಾಜರಿ ಹಾಕುತ್ತಿದ್ದರು. ‘ಚಿನ್ನದ ಹಲ್ಲು, ಹದಿನೇಳರಿಂದ ಒಂಬತ್ತು’, ‘ಅಳುಮುಂಜಿ ಹುಡುಗಿ, ನಾಲ್ಕರಿಂದ ಹನ್ನೆರಡು, ಗಮನ ಸಾಲದು’. ಇವರೆಲ್ಲರ ನಡುವೆ ಒಬ್ಬ ಹುಡುಗ ಮೂವತ್ತೊಂದನೆಯವನಾಗಿ ಪಟ್ಟಿಗೆ ಬಂದ. ಟೋಪಿಯನ್ನು ಹಿಂದುಮುಂದಾಗಿ ಹಾಕಿ, ಬಂದರಿನ ಕ್ರೇನುಗಳ ಕೆಳಗೆ ನಿಂತು ಉಸಿರು ಬಿಡದೆ ಮಾತಾಡುತ್ತಿದ್ದ. ರೋಟರ್‌ಡ್ಯಾಮಿನವನು, ಅಂದರೆ ನಮಗೆ ರೈಲಿನಲ್ಲಿ ಕಾಲು ಗಂಟೆ. ‘ಪಕ್ಕದೂರಿನ ಹುಡುಗ’ ಎಂದರು ಅತ್ತೆ. ಆ ಕ್ಷಣಕ್ಕೆ ಅವನು ನಮ್ಮ ತಾಲ್ಲೂಕಿನವನಾಗಿಬಿಟ್ಟ.

‘ನೋಡೇ ಸುಮಾ, ನಮ್ಮ ಸ್ಕೂಲಲ್ಲಿ ಮಗ್ಗಿ ಒಪ್ಪಿಸೋವಾಗ ಹದಿನೇಳರ ಮಗ್ಗೀಲಿ ಎಲ್ಲರೂ ನಿಲ್ಲೋರು. ಎಂಥಾ ಜಾಣೆಯಾದ್ರೂ ಹದಿನೇಳೇಳ್ಲ ಅನ್ನೋವಾಗ ಒಂದು ಸಲ ಸೂರು ನೋಡೋಳು. ಇವನು ಎಲ್ಲೂ ನಿಲ್ಲಲ್ಲ ನೋಡು. ಒಂದಕ್ಷರ ನುಂಗಲ್ಲ’ ಎಂದು ಅತ್ತೆ ಮೆಚ್ಚಿದರು. ಆಮೇಲೆ ಅವನು ಏನು ಹೇಳುತ್ತಿದ್ದಾನೆ ಎಂದು ಕೇಳಿದರು. ನಾನು ಕಿವಿಗೊಟ್ಟು ಕೇಳಿದೆ. ಅವನು ಕಷ್ಟದಲ್ಲಿ ಬೆಳೆದು ಮೇಲೆ ಬಂದೆ ಎನ್ನುತ್ತಿದ್ದ, ಅದು ನಿಜ. ಮೇಲೆ ಬಂದಮೇಲೆ ಯಾರ ಯಾರ ಸೊಂಟವನ್ನು ನೋಡಿದೆ ಎಂದೂ ಹೇಳುತ್ತಿದ್ದ. ನಾನು ಮೊದಲ ಭಾಗವನ್ನು ಮಾತ್ರ ಅನುವಾದಿಸಿದೆ. ‘ಅಷ್ಟು ಉದ್ದಕ್ಕೆ ಅಷ್ಟೇನಾ?’ ಎಂದರು ಅತ್ತೆ. ‘ತುಂಬಾ ಕಷ್ಟಪಟ್ಟಿದಾನೆ ಅತ್ತೆ’ ಎಂದೆ.

ನಾನೂ ಕೆಟ್ಟೆ ಎನ್ನುವುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮೊದಮೊದಲು ಅತ್ತೆಯ ಜೊತೆಗೆಂದು ಕೂರುತ್ತಿದ್ದೆ. ಎರಡನೇ ವಾರ ಅವನು ಹದಿನಾಲ್ಕಕ್ಕೆ ಹಾರಿದಾಗ ಪಾತ್ರೆ ತೊಳೆಯುತ್ತಿದ್ದ ನನ್ನ ಕೈ ತಾನಾಗಿ ತಟ್ಟೆಯ ಮೇಲೆ ತಾಳ ಹಾಕಿತು. ಮೂರನೇ ವಾರ ಐದು. ನಾನು ಕಚೇರಿಯಲ್ಲಿ ಶುಕ್ರವಾರ ಅರ್ಧ ದಿನ ರಜೆ ಕೇಳತೊಡಗಿದೆ. ಪಟ್ಟಿಯನ್ನು ರೇಡಿಯೋದಲ್ಲಿ ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು, ಇದಕ್ಕಿಂತ ದೊಡ್ಡ ಹಿಂಸೆಯೂ ಇಲ್ಲ ಸುಖವೂ ಇಲ್ಲ. ಹತ್ತರ ಒಳಗೆ ಬಂದಮೇಲೆ ಅತ್ತೆ ಸೋಫಾದ ತುದಿಗೆ ಸರಿಯುತ್ತಿದ್ದರು, ನಾನು ನೆಲಕ್ಕೆ ಇಳಿಯುತ್ತಿದ್ದೆ. ಶ್ರೀಧರ್ ಒಮ್ಮೆ ಮಧ್ಯಾಹ್ನ ಬೇಗ ಬಂದವರು ನಮ್ಮಿಬ್ಬರ ಮುಖ ನೋಡಿ, ಊರಿಂದ ಏನೋ ಕೆಟ್ಟ ಸುದ್ದಿ ಬಂದಿದೆ ಎಂದುಕೊಂಡು ಮೆಲ್ಲಗೆ ಚಪ್ಪಲಿ ಬಿಚ್ಚಿ ನಿಂತಿದ್ದರು. ನಾಲ್ಕನೇ ವಾರ ಟೋಪಿ ಹುಡುಗ ಎರಡಕ್ಕೆ ಬಂದ. ಆ ದಿನ ಅತ್ತೆ ಸಜ್ಜಿಗೆ ಮಾಡಿದರು.

ಐದನೇ ವಾರವೂ ಎರಡು. ಆರನೇ ವಾರವೂ ಎರಡೇ. ಒಂದನೆಯ ಸ್ಥಾನದಲ್ಲಿ ಮೂವರು ಹುಡುಗಿಯರು ಒಂದೇ ಬಣ್ಣದ ಬಟ್ಟೆ ತೊಟ್ಟು, ಮಳೆಯಲ್ಲಿ ನೆನೆಯುತ್ತ, ನಿಧಾನವಾಗಿ ಹಾಡುತ್ತ ಕದಲದೆ ಕೂತಿದ್ದರು. ಹಾಡು ಚೆನ್ನಾಗಿಯೇ ಇತ್ತು, ಈಗ ಹೇಳಬಹುದು. ಅತ್ತೆ ಮಾತ್ರ ಒಪ್ಪಲಿಲ್ಲ. ‘ಮೂರು ಜನ ಸೇರ್ಕೊಂಡು ಒಂದು ಪರೀಕ್ಷೆ ಬರೆದ್ರೆ ಫಸ್ಟ್ ಬರದೆ ಇನ್ನೇನು? ಇವನು ಒಬ್ಬನೇ ಬರೀತಿದಾನೆ’ ಎಂದರು. ಅವರ ದನಿಯಲ್ಲಿ ನಾನು ಅದುವರೆಗೆ ಕೇಳದಿದ್ದ ಒಂದು ನೋವಿತ್ತು. ಏನು ಅತ್ತೆ ಎಂದು ಕೇಳಿದ್ದಕ್ಕೆ ವನಜಾಕ್ಷಿಯ ಕತೆ ಹೊರಗೆ ಬಂತು.

ವನಜಾಕ್ಷಿ ಅವರ ಶಾಲೆಯ ಹುಡುಗಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಅವಳು ರಾಜ್ಯಕ್ಕೇ ಮೊದಲಿಗಳಾಗುತ್ತಾಳೆ ಎಂದು ಊರಿಗೆ ಊರೇ ನಂಬಿತ್ತು. ವಾಲಗದವರಿಗೆ ಹೇಳಿಯೂ ಆಗಿತ್ತು. ಫಲಿತಾಂಶದ ದಿನ ನೋಡಿದರೆ ಎರಡನೇ ರ‍್ಯಾಂಕು, ಒಂದು ಮಾರ್ಕಿನಲ್ಲಿ. ವಾಲಗದವರು ಬಂದವರು ಏನು ಮಾಡಬೇಕೆಂದು ತಿಳಿಯದೆ ಶಾಲೆಯ ಕಟ್ಟೆಯ ಮೇಲೆ ಕೂತು ಕಾಫಿ ಕುಡಿದು ಹೋದರಂತೆ. ಗಣಿತದ ಪತ್ರಿಕೆಯಲ್ಲಿ ಅವಳು ಕೊನೆಗೆ ತೆಗೆದುಕೊಂಡ ಅಡಿಷನಲ್ ಶೀಟು ದಾರ ಬಿಚ್ಚಿ ಎಲ್ಲೋ ಬಿದ್ದುಹೋಗಿತ್ತು, ಅದರಲ್ಲಿದ್ದ ಲೆಕ್ಕಕ್ಕೆ ಮಾರ್ಕೇ ಬೀಳಲಿಲ್ಲ ಎನ್ನುವುದು ಅತ್ತೆಯ ನಂಬಿಕೆ. ‘ಅಷ್ಟು ವರ್ಷದಲ್ಲಿ ನಮ್ಮ ಸ್ಕೂಲಿಗೆ ಒಂದು ಫಸ್ಟ್ ರ‍್ಯಾಂಕ್ ಬರಲಿಲ್ಲ ಸುಮಾ. ಇನ್ನು ಬರೋದನ್ನ ನೋಡೋಕೆ ನಾನು ಸ್ಕೂಲಲ್ಲೂ ಇಲ್ಲ. ಈ ಹುಡುಗನದಾದ್ರೂ ಕಣ್ತುಂಬ ನೋಡ್ಕೊಂಡು ಹೋಗ್ಬೇಕು ಅಂತ ಆಸೆ’ ಎಂದರು. ಹೇಳಿ, ಕ್ಯಾಲೆಂಡರಿನ ಕಡೆ ನೋಡಿದರು. ಅವರ ವಿಮಾನ ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ. ಅಂದರೆ ಇನ್ನು ಉಳಿದದ್ದು ಒಂದೇ ಫಲಿತಾಂಶ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿ ಬೆರೆಸುವಾಗ ಉಪಾಯ ಹೊಳೆಯಿತು. ಹೊರಡುವ ಮುನ್ನಾದಿನ ಅತ್ತೆ ಸುತ್ತಮುತ್ತಲಿನ ಕನ್ನಡದ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಡೆಲ್ಫ್ಟ್, ಲೈಡನ್ ಎಲ್ಲ ಸೇರಿ ಹನ್ನೆರಡು ಜನ. ತಾಂಬೂಲದ ಜೊತೆ ಕೊಡಲು ರವಿಕೆ ಕಣ ಇರಲಿಲ್ಲ, ಏನು ಕೊಡುವುದು ಎಂದು ವಾರದಿಂದ ಯೋಚನೆ ನಡೆದಿತ್ತು. ‘ಅತ್ತೆ, ಟೋಪಿ ಹುಡುಗನ ಸಿಂಗಲ್ ಕೊಡೋಣ. ಹನ್ನೆರಡು ಕೊಂಡರೆ ಹನ್ನೆರಡು ಕುಂಯ್’ ಎಂದೆ. ಲಕ್ಷಗಟ್ಟಲೆ ಮಾರುವಲ್ಲಿ ಹನ್ನೆರಡು ಯಾವ ಮೂಲೆಗೆ ಎಂದು ಶ್ರೀಧರ್ ಹೇಳಲು ಬಾಯಿ ತೆರೆದರು. ‘ರ‍್ಯಾಂಕ್ ಹೋಗೋದು ಒಂದು ಮಾರ್ಕಲ್ಲಿ’ ಎಂದು ಅತ್ತೆ ಮುಚ್ಚಿಸಿದರು. ಅವರ ಕಣ್ಣು ಫಳಫಳ ಹೊಳೆಯುತ್ತಿತ್ತು. ನನಗೋ, ಮದುವೆಯಾಗಿ ಐದು ವರ್ಷದಲ್ಲಿ ಅತ್ತೆಯಿಂದ ಮೊದಲ ಸಲ ಫಸ್ಟ್ ಕ್ಲಾಸ್ ಸಿಕ್ಕಿದ ಸಂತೋಷ.

ಅಂದೇ ಶನಿವಾರ ಇಬ್ಬರೂ ಅಂಗಡಿಗೆ ಹೋದೆವು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಜುಟ್ಟಿನವನು ಹನ್ನೆರಡು ಸೀಡಿ ಎಣಿಸಿ ಮೇಜಿನ ಮೇಲಿಟ್ಟ. ಒಂದನ್ನು ಎತ್ತಿ ಕೆಂಪು ದೀಪದ ಕಡೆಗೆ ಒಯ್ದ. ನಾನು ಅಷ್ಟಕ್ಕೇ ಬಿಟ್ಟಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಸಂಜೆಯ ತರಗತಿಯಲ್ಲಿ ಎರಡು ವರ್ಷ ಕಲಿತ ಡಚ್ಚಿನಲ್ಲಿ ನನಗೆ ತಡವರಿಸದೆ ಆಡಲು ಬರುತ್ತಿದ್ದ ಪದ ಒಂದೇ, ಕೋರ್ಟಿಂಗ್. ಅಂದರೆ ರಿಯಾಯಿತಿ. ಅಂಗಡಿಗಳ ಗಾಜಿನ ಮೇಲೆಲ್ಲ ಬರೆದಿರುತ್ತಿದ್ದುದರಿಂದ ಅದು ತಾನಾಗಿ ಬಾಯಿಪಾಠವಾಗಿತ್ತು. ಹನ್ನೆರಡು ಸೀಡಿಗಳ ರಾಶಿ ಕಣ್ಣಿಗೆ ಬಿದ್ದ ಕೂಡಲೇ ನನ್ನೊಳಗಿದ್ದ ದೇವರಾಜ ಮಾರ್ಕೆಟ್ಟು ಎದ್ದು ಕೂತಿತು. ‘ಡಜನ್ ತಗೋತಿದೀವಿ, ಕೋರ್ಟಿಂಗ್ ಎಷ್ಟು?’ ಎಂದೆ.

ಅತ್ತೆ ನನ್ನ ಮೊಣಕೈ ಹಿಡಿದರು. ‘ಇಲ್ಲಿ ಹೇಳಿದ ಬೆಲೆ ಕೊಡ್ಬೇಕು ಅಂತ ನೀನೇ ಹೇಳಿದ್ದೆ.’

‘ಅದು ಒಂದೊಂದು ಕೊಳ್ಳೋವಾಗ ಅತ್ತೆ. ಡಜನ್‌ಗೆ ಬೇರೆ ಲೆಕ್ಕ. ನೀವು ಸುಮ್ನಿರಿ, ನಾನು ಮಾತಾಡ್ತೀನಿ.’

ಹೊಸ ಸಿಂಗಲ್‌ಗಳಿಗೆ ರಿಯಾಯಿತಿ ಇಲ್ಲ ಎಂದ ಅವನು. ನಾವು ಹಳೇ ಗಿರಾಕಿಗಳು ಎಂದೆ. ನೀವು ಇದುವರೆಗೆ ಪುಕ್ಕಟೆ ಹಾಳೆ ಮಾತ್ರ ಒಯ್ದಿದ್ದೀರಿ ಎಂದ, ನಗುತ್ತಲೇ. ಮುಂದೆ ಸ್ನೇಹಿತರನ್ನೆಲ್ಲ ಕರೆತರುತ್ತೇನೆ ಎಂದೆ. ಅವನು ತಲೆಯಾಡಿಸಿದ. ಆಗ ನಾನು ನಮ್ಮ ಕುಲದ ಕೊನೆಯ ಅಸ್ತ್ರ ಬಿಟ್ಟೆ. ‘ಹಾಗಾದರೆ ಬೇಡ’ ಎಂದು ಅತ್ತೆಯ ಕೈ ಹಿಡಿದು ಬಾಗಿಲ ಕಡೆ ನಡೆದೆ. ಅತ್ತೆ ಕಾಲೆಳೆಯುತ್ತಿದ್ದರು. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಹಿಂದಿನಿಂದ ‘ಮೇವ್ರೌ’ ಎಂದು ಕರೆದ. ಅಮ್ಮಾ ಎಂದ ಹಾಗೆ. ಹುರುಳಿಕಾಯಿಯವನು ಅತ್ತೆಯನ್ನು ಕರೆದಿರಲಿಲ್ಲ, ಇವನು ನನ್ನನ್ನು ಕರೆದ. ಹಾಲೆಂಡಿನ ಇತಿಹಾಸದಲ್ಲಿ ಹೀಗೆ ವಾಪಸು ಕರೆಸಿಕೊಂಡ ಮೊದಲ ಕನ್ನಡತಿ ನಾನೇ ಎಂದು ನನಗೆ ಆ ಕ್ಷಣ ಖಚಿತವಾಗಿ ಅನ್ನಿಸಿತು.

ಕಡಿಮೆ ಬೆಲೆ ಹಾಕಿದರೆ ಯಂತ್ರ ಒಪ್ಪುವುದಿಲ್ಲ, ಇರಲಿ ಎಂದು ಅವನು ಮೇಜಿನ ಕೆಳಗಿಂದ ಹಳೆಯ ಬಿಲ್ ಪುಸ್ತಕ ತೆಗೆದು, ಧೂಳು ಊದಿ, ಪೆನ್ನಿನಲ್ಲಿ ಬಿಲ್ ಬರೆದುಕೊಟ್ಟ. ನಾನು ಅದನ್ನು ಯುದ್ಧ ಗೆದ್ದ ತಾಮ್ರಪತ್ರದಂತೆ ಮಡಚಿ ಪರ್ಸಿನಲ್ಲಿ ಇಟ್ಟೆ. ಹೊರಗೆ ಬಂದಮೇಲೆ ಅತ್ತೆ ನಿಂತರು. ‘ಸುಮಾ, ಆ ಯಂತ್ರ ಕೂಗಲೇ ಇಲ್ಲವಲ್ಲೇ.’

‘ಬಿಲ್ ಇದೆಯಲ್ಲ ಅತ್ತೆ’ ಎಂದೆ. ಎಣಿಕೆಯಲ್ಲಿ ಎಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕುವುದಕ್ಕೇ ಸಂಬಳ ಪಡೆಯುತ್ತಿದ್ದ ನಾನು ಹೇಳಿದ ಮಾತು ಇದು.

ಶುಕ್ರವಾರ ಬಂತು. ಅತ್ತೆ ಬೆಳಿಗ್ಗೆಯೇ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಶ್ರೀಧರ್ ಕೂಡ ಮರಳನ್ನು ಅದರ ಪಾಡಿಗೆ ಬಿಟ್ಟು ಮನೆಗೆ ಬಂದಿದ್ದರು. ಹತ್ತು, ಒಂಬತ್ತು, ಎಂಟು. ಚಿನ್ನದ ಹಲ್ಲು ಆರಕ್ಕೆ ಬಂದಿತ್ತು, ನಮಗೆ ಅದರ ಪರಿವೆಯೇ ಇಲ್ಲ. ಮೂರನೆಯ ಸ್ಥಾನ ಓದುವ ಮೊದಲು ರೇಡಿಯೋದವನು ಒಂದು ಜಾಹೀರಾತು ಹಾಕಿದ. ಅವನಿಗೆ ಒಳ್ಳೆಯದಾಗುವುದಿಲ್ಲ ಎಂದು ನಾನು ಅಂದದ್ದು ಜೋರಾಗಿಯೇ ಕೇಳಿಸಿತಂತೆ. ಮೂರರಲ್ಲಿ ಯಾರೋ ಹೊಸಬರು. ಈಗ ಉಳಿದದ್ದು ಎರಡೇ. ಅತ್ತೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಎರಡು ಎಂದ, ಆಮೇಲೆ ಕ್ರೇನುಗಳ ಕೆಳಗೆ ನಿಂತ ಆ ಪರಿಚಿತ ದನಿ ಗಡಗಡ ಶುರುವಾಯಿತು. ಅತ್ತೆ ಎದ್ದುಹೋಗಿ ದೀಪದ ಬತ್ತಿ ಸರಿಮಾಡಿದರು.

ಹಾಳೆ ತರಲು ಅಂಗಡಿಗೆ ಇಬ್ಬರೂ ಹೋದೆವು. ನಾವು ಕೊಂಡ ಹನ್ನೆರಡೂ ಸಾಲಲಿಲ್ಲವಲ್ಲ ಎಂದು ನಾನು ಜುಟ್ಟಿನವನ ಹತ್ತಿರ ದುಃಖ ತೋಡಿಕೊಂಡೆ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಮೇಲೆ ಪಾಪ, ಅವನ ಮುಖ ಸಣ್ಣಗಾಯಿತು. ಪಟ್ಟಿಗಾಗಿ ಕೊಂಡಿರೆಂದು ನೀವು ಹೇಳಲಿಲ್ಲವಲ್ಲ, ಕೈಬಿಲ್ಲಿನಲ್ಲಿ ಮಾರಿದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಯಂತ್ರಕ್ಕೆ ಗೊತ್ತಾಗದ್ದು ಪಟ್ಟಿಗೆ ಸೇರುವುದಿಲ್ಲ ಎಂದ. ಹನ್ನೆರಡರಿಂದ ಏನೂ ಆಗುತ್ತಿರಲಿಲ್ಲ ಎಂದು ಸಮಾಧಾನವನ್ನೂ ಹೇಳಿದ. ನಾನು ಅತ್ತೆಗೆ ಅನುವಾದಿಸಬೇಕಿತ್ತು. ಸೊಂಟದ ವಿಷಯ ಬಿಟ್ಟ ಹಾಗೆ ಇದನ್ನೂ ಬಿಟ್ಟುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಬಿಡಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಕೋರ್ಟಿಂಗ್‌ನಿಂದ ಹೀಗಾಯಿತು ಅತ್ತೆ ಎಂದೆ.

ಅತ್ತೆ ಕಾಲುವೆಯ ಪಕ್ಕದ ಬೆಂಚಿನ ಮೇಲೆ ಕೂತರು. ‘ಅಡಿಷನಲ್ ಶೀಟ್ ಕಟ್ಟಲಿಲ್ಲ ಅನ್ನು’ ಎಂದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಬಾತುಕೋಳಿಗಳನ್ನು ಎಣಿಸಿ ಮುಗಿಸಿದರು. ಆಮೇಲೆ ಹೇಳಿದರು, ‘ಒಂದು ವಿಷಯ ಯಾರಿಗೂ ಹೇಳಿಲ್ಲ ಸುಮಾ. ಆ ವರ್ಷ ಪರೀಕ್ಷೆಗೆ ಕೂತ ಹುಡುಗೀರಿಗೆಲ್ಲ ದಾರ ಕತ್ತರಿಸಿ ಕೊಟ್ಟೋಳು ನಾನೇ. ಒಂದು ಉಂಡೇಲಿ ಎಲ್ಲರಿಗೂ ಆಗ್ಲಿ, ಇನ್ನೊಂದು ಉಂಡೆ ತರೋದು ಯಾಕೆ ಅಂತ ಗಿಡ್ಡ ಗಿಡ್ಡ ಕತ್ತರಿಸಿದ್ದೆ. ಗಂಟು ಹಾಕೋಕೆ ಉದ್ದ ಸಾಲ್ತಿರಲಿಲ್ಲ. ವನಜಾಕ್ಷಿ ಬಂದು ಮಿಸ್, ದಾರ ಗಿಡ್ಡ ಆಯ್ತು ಅಂದಳು. ನಾನು, ಜೋಪಾನವಾಗಿ ಕಟ್ಟು ಹೋಗು ಅಂದೆ.’

ಅತ್ತೆ ನನ್ನ ಬೆನ್ನು ತಟ್ಟಿ, ‘ನಿನ್ನದು ಹಾಡು. ನನ್ನದು ಹುಡುಗಿ. ಏಳು, ಕತ್ತಲಾಗೋಕೆ ಮುಂಚೆ ವೀಳ್ಯದೆಲೆ ತೊಳೆದಿಡ್ಬೇಕು’ ಎಂದರು. ಆ ದೇಶದ ಬೇಸಿಗೆಯಲ್ಲಿ ಕತ್ತಲಾಗುವುದು ರಾತ್ರಿ ಹತ್ತು ಗಂಟೆಗೆ. ಹಾಗಿದ್ದರೂ ಕೂಡಲೇ ಎದ್ದೆ. ಅತ್ತೆಯ ಮೇಲೆ ಅಷ್ಟು ಪ್ರೀತಿ ನನಗೆ ಅದುವರೆಗೆ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡು ಹೆಂಗಸರೂ ಏಣಿ ಹತ್ತಿ ಬಂದರು. ಅರಿಶಿನ, ಕುಂಕುಮ, ಲೈಡನ್ನಿನವರು ಎಲ್ಲಿಂದಲೋ ತಂದ ಎರಡು ಮೊಳ ಹೂವು, ಎಲೆ ಅಡಿಕೆ, ಒಂದು ಬಾಳೆಹಣ್ಣು, ಮೇಲೆ ಟೋಪಿ ಹುಡುಗ. ತುಮಕೂರಿನ ಶಹನಾಜ್, ನನ್ನ ಜೊತೆ ಕೆಲಸ ಮಾಡುತ್ತಿದ್ದವಳು, ಹೂವು ಎಲೆಯ ಜೊತೆ ಸೀಡಿ ಕಂಡು ಅತ್ತೆಯ ಕೈ ಹಿಡಿದುಕೊಂಡಳು. ‘ಅಮ್ಮಾ, ನಮ್ ಹುಡುಗ ಇದನ್ನ ಕೊಡ್ಸು ಕೊಡ್ಸು ಅಂತ ಒಂದು ತಿಂಗಳಿಂದ ಪ್ರಾಣ ತಿಂತಿದ್ದ. ನಾಳೆ ಹೋಗಿ ತರೋಣ ಅಂತಿದ್ದೆ, ನೀವೇ ಕೊಟ್ಬಿಟ್ರಿ.’ ಇನ್ನೂ ಮೂವರು ಅದನ್ನೇ ಹೇಳಿದರು. ಅಂದರೆ ನಾನು ಹನ್ನೆರಡು ಕುಂಯ್ ತಪ್ಪಿಸಿದ್ದಲ್ಲದೆ, ಪೂರ್ತಿ ಬೆಲೆಗೆ ಆಗಬೇಕಿದ್ದ ನಾಲ್ಕು ಕುಂಯ್‌ಗಳ ಕುತ್ತಿಗೆಯನ್ನೂ ಹಿಸುಕಿದ್ದೆ. ಅತ್ತೆ ನನ್ನ ಕಡೆ ನೋಡದೆ ಬಾಳೆಹಣ್ಣು ಹಂಚಿದರು. ಆಮೇಲೆ ಯಾರೋ ಟೀವಿ ಹಾಕಿದರು, ಅವನ ಹಾಡೇ ಬರುತ್ತಿತ್ತು. ಹಣೆಗೆ ಕುಂಕುಮ ಹಚ್ಚಿಕೊಂಡ ಹೆಂಗಸರು ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆದೂಗಿದರು, ಕೆಳಗಿನ ಮನೆಯ ಮುದುಕ ಕಿಟಕಿಯಿಂದ ಕತ್ತು ಹೊರಹಾಕಿ ಮೇಲೆ ನೋಡಿದ.

ಭಾನುವಾರ ಅತ್ತೆ ಹೊರಟರು. ಅದರ ಮುಂದಿನ ಶುಕ್ರವಾರ ನಾನು ರಜೆ ಹಾಕಲಿಲ್ಲ. ಕಚೇರಿಯಲ್ಲೇ ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡು ಎರಡು ಅಂಕಿಯ ಇಸವಿಗಳನ್ನು ತಿದ್ದುತ್ತ ಕೂತಿದ್ದೆ. ಮೂರರಲ್ಲಿ ಆ ಹೊಸಬರು. ಎರಡರಲ್ಲಿ ಮಳೆಯಲ್ಲಿ ನೆನೆಯುವ ಮೂವರು ಹುಡುಗಿಯರು. ನಾನು ಕುರ್ಚಿಯಿಂದ ಎದ್ದು ನಿಂತೆ. ನನ್ನ ಕಣ್ಣಲ್ಲಿ ನೀರು ನೋಡಿ ಪಕ್ಕದ ಮೇಜಿನ ಡಚ್ಚಿನವಳು ಎದ್ದುಬಂದು ಭುಜ ಸವರಿದಳು. ಏನಾಯಿತು ಎಂದು ಕೇಳಿದ್ದಕ್ಕೆ, ನಮ್ಮೂರಿನ ಹುಡುಗಿಗೆ ಫಸ್ಟ್ ರ‍್ಯಾಂಕ್ ಬಂತು ಎಂದೆ.

ಮನೆಗೆ ಓಡಿಬಂದು ತಿಪಟೂರಿಗೆ ಫೋನು ಹಚ್ಚಿದೆ. ‘ಅತ್ತೆ, ಒಂದು! ಟೋಪಿ ಹುಡುಗ ಒಂದಕ್ಕೆ ಬಂದ.’

‘ಗೊತ್ತಿತ್ತು’ ಎಂದರು ಅತ್ತೆ, ನಿಧಾನವಾಗಿ.

‘ನಿಮಗೆ ಹೇಗೆ ಗೊತ್ತು?’

‘ಶನಿವಾರ ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ಅಂಗಡಿಗೆ ಹೋಗಿ ಒಂದು ಕೊಂಡೆ. ಹೇಳಿದ ಬೆಲೆ ಕೊಟ್ಟೆ. ಕುಂಯ್ ಅನ್ನೋವರೆಗೂ ಅಲ್ಲೇ ನಿಂತಿದ್ದೆ. ಅನ್ನಿಸ್ಕೊಂಡೇ ಬಂದೆ. ನಾಳೆ ವನಜಾಕ್ಷಿ ಮನೆಗೆ ಹೋಗ್ಬೇಕು ಅಂತಿದೀನಿ, ಅವಳ ಮಗನಿಗೆ ಕೊಡೋಣ ಅಂತ. ದಾರದ ವಿಷಯಾನೂ ಅವಳಿಗೆ ಹೇಳ್ಬೇಕು. ಹಾಳೆ ಇಸ್ಕೊಂಡು ಪೋಸ್ಟ್ ಮಾಡು, ಮರೀಬೇಡ’ ಎಂದು ಫೋನ್ ಇಟ್ಟರು.

ಮಾರನೆಯ ದಿನ ಹಾಳೆ ತರಲು ಹೋದೆ. ಜುಟ್ಟಿನವನು ನನ್ನನ್ನು ಕಂಡು ಕೈ ಎತ್ತಿದ. ಮೇಜಿನ ಮೇಲೆ ಸಿಂಗಲ್‌ಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ, ಟೋಪಿ ಹುಡುಗ ಒಂದರ ಕೆಳಗೆ ಕೂತು ಹಲ್ಲು ಬಿಡುತ್ತಿದ್ದ. ಅವನ ಪಕ್ಕದಲ್ಲಿ, ಎರಡರ ಕೆಳಗೆ, ಆ ಮೂವರು ಹುಡುಗಿಯರು. ಎಷ್ಟೋ ವಾರ ರಾಣಿಯರಂತೆ ಕೂತಿದ್ದವರು ಈಗ ಎರಡನೆಯವರು. ಇನ್ನೊಂದು ಸ್ವಲ್ಪ ಮಾರಿದ್ದರೆ ಉಳಿಯುತ್ತಿತ್ತೇನೋ ಎಂದುಕೊಂಡೆ. ನೋಡುತ್ತ ನೋಡುತ್ತ ನನ್ನ ಕೈ ತಾನಾಗಿ ಪರ್ಸಿಗೆ ಹೋಯಿತು.

ಈ ಹುಡುಗಿಯರದು ಒಂದು ಕೊಡಿ ಎಂದೆ. ಅವನು ಕಣ್ಣು ಮಿಟುಕಿಸಿ, ‘ಕೋರ್ಟಿಂಗ್?’ ಎಂದ. ಬೇಡ ಎಂದೆ. ಹೇಳಿದ ಬೆಲೆ ಕೊಟ್ಟು, ಕುಂಯ್ ಎನ್ನುವವರೆಗೂ ಅಲ್ಲೇ ನಿಂತಿದ್ದು, ಮನೆಗೆ ಬಂದೆ. ಶ್ರೀಧರ್ ಸೀಡಿಯನ್ನು ತಿರುಗಿಸಿ ನೋಡಿ, ಇವರನ್ನು ನೀವಿಬ್ಬರೂ ಇಷ್ಟು ದಿನ ಬೈಯುತ್ತಿರಲಿಲ್ಲವೇ, ನಮ್ಮ ಮನೆಯಲ್ಲಿ ಇದನ್ನು ಹಾಕಲು ಸೀಡಿ ಪ್ಲೇಯರಾದರೂ ಎಲ್ಲಿದೆ ಎಂದು ಕೇಳಿದರು.